ಬೀಗರ ಊರಿಗೊಂದು ಬೀಗ

ಹೋದ ತಿಂಗಳು ಭಾನುವಾರದ ಪೂಜೆ ಮುಗಿಸಿ ಹೊರಬರುತ್ತಿದ್ದಾಗ ನಮ್ಮ ಧರ್ಮಕೇಂದ್ರದ ಹಿರಿಯ ತಾಯಿಯೊಬ್ಬರು ನನ್ನ ತೋಳು ಹಿಡಿದು ನಿಲ್ಲಿಸಿದರು. "ಏನಪ್ಪಾ, ನೀನು ಬ್ಯಾಂಕಿನಲ್ಲಿದ್ದವನು. ಆ ಕಪ್ಪು ಚುಕ್ಕಿಗಳ ಚೌಕಕ್ಕೆ ಫೋನ್ ತೋರಿಸಿದರೆ ದುಡ್ಡು ಹೇಗೆ ಹೋಗುತ್ತೆ? ಗಾಳಿಯಲ್ಲಿ ಹೋಗುತ್ತಾ?" ಎಂದು ಕೇಳಿದರು. ಸುತ್ತಲಿದ್ದ ಹುಡುಗರು ನಕ್ಕರು. ನಕ್ಕವರಲ್ಲಿ ಒಬ್ಬನನ್ನು ಹಿಡಿದು "ನೀನೇ ಹೇಳಪ್ಪಾ" ಎಂದೆ. ಅವನಿಗೂ ಗೊತ್ತಿರಲಿಲ್ಲ. "ಅಂಕಣದಲ್ಲಿ ಬರೆಯುತ್ತೇನೆ ಅಮ್ಮಾ" ಎಂದು ಮಾತು ಕೊಟ್ಟು ಬಂದೆ. ಆ ಉತ್ತರ ಬರೆಯಬೇಕಾದರೆ ನಾವು ಬೀಗರ ಊರಿಗೆ ಹೋಗಿ ಬಂದ ಕಥೆಯನ್ನೂ ಹೇಳಬೇಕಾಗುತ್ತದೆ. ಓದುಗರು ಸ್ವಲ್ಪ ತಾಳ್ಮೆಯಿಂದ ಜೊತೆಗೆ ಬರಬೇಕು.

ನಮ್ಮ ಸೊಸೆಯ ತವರು ತಮಿಳುನಾಡಿನ ತೇನಿ ಜಿಲ್ಲೆ, ಉತ್ತಮಪಾಳ್ಯದ ಆಚೆಗಿನ ಒಂದು ಹಳ್ಳಿ. 2025ರ ಅಕ್ಟೋಬರಿನಲ್ಲಿ ನಾನು ಮತ್ತು ನನ್ನ ಮನೆಯವರು ಅಲ್ಲಿಗೆ ಹೊರಟೆವು. ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ದಿಂಡಿಗಲ್. ದಿಂಡಿಗಲ್ ಎಂದರೆ ನಮ್ಮ ಬೆಂಗಳೂರಿನ ಜನಕ್ಕೆ ಬಿರಿಯಾನಿ ಮಾತ್ರ ನೆನಪಾಗುತ್ತದೆ, ಆದರೆ ಹಿಂದಿನವರಿಗೆ ಆ ಊರು ಬೀಗದ ಊರು. ಕಮ್ಮಾರರು ಕೈಯಿಂದಲೇ ಮಾಡುತ್ತಿದ್ದ ಗಟ್ಟಿ ಬೀಗಗಳು. ಮಾವಿನಕಾಯಿಯ ಆಕಾರದವೂ ಇವೆ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಅಲಿಗಢದಿಂದ ಬರುವ ಯಂತ್ರದ ಬೀಗಗಳ ಮುಂದೆ ಅದರ ವ್ಯಾಪಾರ ಸೊರಗಿದೆ ಎನ್ನುವುದು ಬೇರೆ ಮಾತು. ಬೀಗರ ಮನೆಗೆ ಬರಿಗೈಯಲ್ಲಿ ಹೋಗುವುದೇ? ಬೀಗರಿಗೆ ಬೀಗವನ್ನೇ ಒಯ್ಯೋಣ ಎಂದು ನಾನು ತಮಾಷೆ ಮಾಡಿದೆ. ನನ್ನ ಮನೆಯವರು ನಗಲಿಲ್ಲ, ಆದರೆ ಅಂಗಡಿಗೆ ಬಂದರು. ಅಂಗಡಿಯಾತ ಬೀಗವನ್ನು ಕಾಗದದಲ್ಲಿ ಸುತ್ತಿ, ಎರಡು ಬೀಗದ ಕೈಗಳನ್ನು ನನ್ನ ಅಂಗೈಗೆ ಹಾಕಿ, "ಎರಡನ್ನೂ ಒಂದೇ ಕಡೆ ಇಡಬೇಡಿ ಸಾರ್" ಎಂದರು. ಹಣವನ್ನು ಫೋನಿನಲ್ಲೇ ಕೊಟ್ಟೆ.

ದಿಂಡಿಗಲ್ಲಿನಿಂದ ಬತ್ಲಗುಂಡು, ಪೆರಿಯಕುಳಂ, ತೇನಿ ದಾಟಿ, ಚಿನ್ನಮನೂರಿನ ಮೇಲೆ ಕಂಬಂ ಕಣಿವೆಯೊಳಗೆ ಬಸ್ಸು ನುಗ್ಗಿದರೆ ಕಣ್ಣಿಗೆ ತಂಪು. 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಕಟ್ಟಿ ಆಚೆ ಹರಿಯುವ ನೀರನ್ನು ಬೆಟ್ಟ ಕೊರೆದು ಈಚೆ ತಂದಿದ್ದರಿಂದ ಇಲ್ಲಿ ಭತ್ತ, ಬಾಳೆ, ತೆಂಗು, ದ್ರಾಕ್ಷಿ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಕಂಬಂ ಪನ್ನೀರು ದ್ರಾಕ್ಷಿಯನ್ನು ರಸ್ತೆ ಬದಿಯಲ್ಲಿ ಬುಟ್ಟಿಯಲ್ಲಿಟ್ಟು ಮಾರುತ್ತಾರೆ. ಚಪ್ಪರದ ಕಂಬಕ್ಕೆ ದಾರದಲ್ಲಿ ತೂಗುಹಾಕಿದ ಅದೇ ಕಪ್ಪು ಚುಕ್ಕಿಗಳ ಚೌಕ.

ಕಂಬಂನಲ್ಲಿ ಟೀ ಕುಡಿಯಲು ಇಳಿದೆವು. ನಾವಿಬ್ಬರೂ ಮಾತಾಡುತ್ತಿದ್ದುದನ್ನು ಕೇಳಿ ಅಂಗಡಿಯ ಯಜಮಾನರು, "ನೀವು ಕನ್ನಡದವರಾ? ನಾವೂ ಮನೇಲಿ ಕನ್ನಡವೇ" ಎಂದರು. ನನಗೆ ಆಶ್ಚರ್ಯ. ಈ ಕಣಿವೆಯಲ್ಲಿ ಕಪ್ಪಿಲಿಯರ್ ಎಂಬ ಸಮುದಾಯದವರು ತಲೆತಲಾಂತರದಿಂದ ಮನೆಯಲ್ಲಿ ಕನ್ನಡ ಮಾತಾಡುತ್ತಾರೆ. ಪೂರ್ವಿಕರು ಯಾವ ಕಾಲದಲ್ಲೋ ಕನ್ನಡ ಸೀಮೆಯಿಂದ ಬಂದವರು. ಓದು ಬರಹ ತಮಿಳು, ಅಡಿಗೆಮನೆ ಕನ್ನಡ. ನಾನು ಟೀಗೆ ಹಣ ಕಳಿಸಿದಾಗ ಗಲ್ಲಾದ ಪಕ್ಕದ ಪುಟ್ಟ ಪೆಟ್ಟಿಗೆ ತಮಿಳಿನಲ್ಲಿ ಮೊತ್ತವನ್ನು ಕೂಗಿತು. "ಇದಕ್ಕೆ ಕನ್ನಡವೂ ಬರುತ್ತದೆ, ಬದಲಾಯಿಸಿಕೊಳ್ಳಬಹುದಲ್ಲಾ" ಎಂದೆ. "ಗಿರಾಕಿಗೆ ತಿಳೀಬೇಕಲ್ಲಾ" ಎಂದು ನಕ್ಕರು. ಈ ಕೂಗುವ ಪೆಟ್ಟಿಗೆ ಬರಲು ಒಂದು ಕಾರಣವಿದೆ. ಹಣ ಕಳಿಸದೆಯೇ ಹಳೆಯ ರಸೀದಿಯ ಚಿತ್ರ ತೋರಿಸಿ ಹೋಗುವವರು ಇದ್ದರು. ಕೈ ಹಿಟ್ಟಾಗಿರುವ ಅಂಗಡಿಯವನು ಪ್ರತಿ ಸಲವೂ ಫೋನ್ ತೆಗೆದು ನೋಡಲಾರ. ಪೆಟ್ಟಿಗೆಯೊಳಗೆ ಅದರದೇ ಸಿಮ್ ಇರುತ್ತದೆ. ಹಣ ಖಾತೆಗೆ ಸೇರಿದ ಸುದ್ದಿ ನೇರವಾಗಿ ಅದಕ್ಕೇ ಬರುತ್ತದೆ.

ನಮ್ಮ ಬೀಗತಿಗೆ ಐವತ್ತೆಂಟು ವರ್ಷ. ತಮಿಳಿನಲ್ಲಿ ಬೀಗರಿಗೆ 'ಸಂಬಂದಿ' ಎನ್ನುತ್ತಾರೆ. ನನ್ನನ್ನು ಅವರು ಕರೆಯುವುದೂ ಹಾಗೆಯೇ. ಗಂಡ ತೀರಿಕೊಂಡು ಹನ್ನೆರಡು ವರ್ಷವಾಯಿತು. ಈಗಲೂ ಏಲಕ್ಕಿ ಕೆಲಸಕ್ಕೆ ಹೋಗುತ್ತಾರೆ. ಬೆಳಗಿನ ಜಾವ ಈ ಕಣಿವೆಯ ಊರುಗಳಿಂದ ಜೀಪುಗಳಲ್ಲಿ ಹೆಂಗಸರು ತುಂಬಿಕೊಂಡು ಬೋಡಿಮೆಟ್ಟು, ಕಂಬಂಮೆಟ್ಟು, ಕುಮಿಳಿ ದಾರಿಯಾಗಿ ಬೆಟ್ಟ ಹತ್ತಿ ಕೇರಳದ ಇಡುಕ್ಕಿ ಜಿಲ್ಲೆಯ ತೋಟಗಳಿಗೆ ಹೋಗುವುದನ್ನು ನೋಡಬೇಕು. ಸಂಜೆ ಇಳಿಯುತ್ತಾರೆ. ಮೊದಲೆಲ್ಲ ವಾರದ ಕೊನೆಗೆ ಕೂಲಿ ಕೈಗೆ ಬರುತ್ತಿತ್ತು. ನೋಟುಗಳನ್ನು ಮಡಚಿ ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿದರೆ ಮನೆ ತಲುಪುವವರೆಗೆ ಯಾರೂ ಮುಟ್ಟುವಂತಿರಲಿಲ್ಲ. ಆ ಗಂಟಿನಿಂದಲೇ ಇಬ್ಬರು ಮಕ್ಕಳು ಓದಿದರು, ನಮ್ಮ ಸೊಸೆ ನರ್ಸಿಂಗ್ ಮುಗಿಸಿದಳು.

2020ರಲ್ಲಿ ಕೊರೋನಾ ಬಂದು ರಾಜ್ಯದ ಗಡಿ ಮುಚ್ಚಿದಾಗ ಈ ಹೆಂಗಸರಿಗೆ ತಿಂಗಳುಗಟ್ಟಲೆ ಕೆಲಸವಿಲ್ಲ. ಮತ್ತೆ ತೋಟ ತೆರೆದಾಗ ಇವರನ್ನು ಕರೆದೊಯ್ಯುವ ಮೇಸ್ತ್ರಿ ಕೂಲಿಯನ್ನು ಫೋನಿಗೆ ಹಾಕಲು ಶುರುಮಾಡಿದರಂತೆ. ಬೀಗತಿಯ ಬಳಿ ಫೋನ್ ಇಲ್ಲ. ಖಾತೆ ಇದೆ, ಅವರ ಹೆಸರಿನದೇ. ಆದರೆ ಖಾತೆಗೆ ಕೊಟ್ಟ ಮೊಬೈಲ್ ನಂಬರು ಕಿರಿಯ ಮಗನದು. ಅವನು ಸರಕು ಆಟೊ ಓಡಿಸುತ್ತಾನೆ. ಕೂಲಿಯೂ ಅಲ್ಲಿಗೆ. 2023ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸರ್ಕಾರ ಆರಂಭಿಸಿದ ಕಲೈಞರ್ ಮಗಳಿರ್ ಉರಿಮೈ ತೊಗೈ, ಎಂದರೆ ಮನೆಯ ಹೆಂಗಸಿಗೆ ತಿಂಗಳಿಗೆ 1,000 ರೂಪಾಯಿ, ಅದೂ ಅಲ್ಲಿಗೇ. ನಮ್ಮ ಕರ್ನಾಟಕದಲ್ಲಿ ಅದೇ ವರ್ಷ ಆಗಸ್ಟ್ ಕೊನೆಯಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಆರಂಭವಾಯಿತಲ್ಲ, ಹಾಗೆಯೇ. ಹಣ ಬರುವುದು ತಾಯಿಯ ಹೆಸರಿಗೆ. ಬಂದಿತೆಂಬ ಮೆಸೇಜು ಹೋಗುವುದು ಮಗನ ಜೇಬಿಗೆ.

ಇದೆಲ್ಲ ನನಗೆ ತಿಳಿದದ್ದು ಭಾನುವಾರ ಬೆಳಿಗ್ಗೆ. ಪೂಜೆಗೆ ಹೊರಟು ನಿಂತಿದ್ದೆವು. ಬೀಗತಿ ಹೊಸ್ತಿಲಲ್ಲಿ ನಿಂತು ಮಗನಿಗೆ ಮೆಲ್ಲಗೆ "ಕಾಣಿಕೆಗೆ ಹತ್ತು ರೂಪಾಯಿ ಕೊಡಪ್ಪಾ" ಎಂದರು. ಅವನು ಜೇಬು ತಡಕಿ, "ಚಿಲ್ಲರೆ ಇಲ್ಲಮ್ಮಾ, ಅಲ್ಲೇ ಸ್ಕ್ಯಾನ್ ಮಾಡ್ತೀನಿ, ನಿನ್ನದೂ ಸೇರಿಸಿ" ಎಂದ. ಅವರು ಸುಮ್ಮನೆ ನಡೆದರು. ಕಾಣಿಕೆಯ ತಟ್ಟೆ ಬಂದಾಗ ನನ್ನ ಮನೆಯವರು ಮೆಲ್ಲಗೆ ಒಂದು ನೋಟನ್ನು ಅವರ ಕೈಯೊಳಗೆ ಇಟ್ಟರು. ಅವರು ಅದನ್ನು ತೆಗೆದುಕೊಂಡರು. ಆದರೆ ಮುಖ ಬಾಡಿತ್ತು.

ಮಧ್ಯಾಹ್ನ ಊಟದ ನಂತರ ನಾನು ಕೇಳಿದೆ. "ಅವನು ಒಳ್ಳೆಯ ಹುಡುಗ ಸಂಬಂದಿ. ಕೇಳಿದರೆ ಇಲ್ಲ ಅನ್ನೋನಲ್ಲ. ಆದರೆ ಕೇಳಬೇಕಲ್ಲಾ!" ಎಂದರು.

ಮಗ ಅಲ್ಲೇ ಬಾಗಿಲ ಬಳಿ ಕುಳಿತಿದ್ದ. ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಮನೆಗೆ ಅಕ್ಕಿ ಬೇಳೆ, ಗ್ಯಾಸು, ಕರೆಂಟು, ಅಮ್ಮನ ಬಿ.ಪಿ. ಮಾತ್ರೆ, ಎಲ್ಲವನ್ನೂ ಅವನೇ ಕೊಡುತ್ತಾನೆ. ಅದರಲ್ಲಿ ಅವನ ದುಡಿಮೆಯೂ ಇದೆ, ತಾಯಿಯದೂ ಇದೆ. ಯಾವುದು ಎಷ್ಟು ಎಂದು ಅವನೇ ಲೆಕ್ಕ ಇಟ್ಟಿಲ್ಲ. ಅವನು ಕಳ್ಳನಲ್ಲ. ಆದರೂ ಮೂವತ್ತು ವರ್ಷ ಬೆಟ್ಟ ಹತ್ತಿ ಇಳಿದ ಹೆಂಗಸು ಹತ್ತು ರೂಪಾಯಿಗೆ ಕೈ ಚಾಚಬೇಕಾಗಿ ಬಂದಿದೆ. ನಾನು ನನ್ನ ಚೀಲದಿಂದ ದಿಂಡಿಗಲ್ಲಿನ ಬೀಗ ತೆಗೆದು ಚಾಪೆಯ ಮೇಲಿಟ್ಟೆ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಕಳೆದವನಿಗೆ ಪಾಠ ಹೇಳುವ ಚಟ ಸುಲಭವಾಗಿ ಹೋಗುವುದಿಲ್ಲ. ಅಂದು ಅವರಿಗೆ ಹೇಳಿದ್ದನ್ನೇ ನಮ್ಮ ಹಿರಿಯ ತಾಯಿಗೂ ಇಲ್ಲಿ ಹೇಳುತ್ತೇನೆ.

ಆ ಚೌಕದೊಳಗೆ ದುಡ್ಡಿಲ್ಲ ಅಮ್ಮಾ. ಅದು ಅಂಗಡಿಯ ವಿಳಾಸ, ಅಷ್ಟೆ. ಲಕೋಟೆಯ ಮೇಲೆ ವಿಳಾಸ ಬರೆದಂತೆ, ಫೋನಿನ ಕ್ಯಾಮೆರಾ ಓದಬಲ್ಲ ಲಿಪಿಯಲ್ಲಿ ಅದನ್ನು ಬರೆದಿದ್ದಾರೆ. ಫೋನು ಅದನ್ನು ಓದಿ 'ಇಂಥವರಿಗೆ' ಎಂದು ಗುರುತು ಹಾಕಿಕೊಳ್ಳುತ್ತದೆ. ನೀವು ಮೊತ್ತ ಒತ್ತುತ್ತೀರಿ, ಪಿನ್ ಒತ್ತುತ್ತೀರಿ. ಆ ಪಿನ್ ಅಲ್ಲೇ ಗುಪ್ತಲಿಪಿಗೆ ಬದಲಾಗುತ್ತದೆ. ಆ್ಯಪಿನವರೂ ಅದನ್ನು ಓದಲಾರರು. ನಿಮ್ಮ ಕೋರಿಕೆ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ಎಂಬ ಸಂಸ್ಥೆಯ ಕಂಪ್ಯೂಟರಿಗೆ ಹೋಗುತ್ತದೆ. ಇದು 2008ರಲ್ಲಿ ಹುಟ್ಟಿದ ಸಂಸ್ಥೆ. ಹಿಂದಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕುಳಿತವರು ಈ ತಂತಿಯನ್ನು ಆ ತಂತಿಗೆ ಸೇರಿಸುತ್ತಿದ್ದರಲ್ಲ, ಅಂಥದೇ ಕೆಲಸ. ಅದು ನಿಮ್ಮ ಬ್ಯಾಂಕನ್ನು 'ಇವರು ನಿಮ್ಮವರೇ? ಹಣ ಇದೆಯೇ?' ಎಂದು ಕೇಳುತ್ತದೆ. ನಿಮ್ಮ ಬ್ಯಾಂಕು ಪಿನ್ ಸರಿಯಿದೆಯೆಂದು ನೋಡಿ ನಿಮ್ಮ ಲೆಕ್ಕದಲ್ಲಿ ಕಳೆಯುತ್ತದೆ. ಆಮೇಲೆ ಅಂಗಡಿಯವರ ಬ್ಯಾಂಕಿಗೆ 'ಇಷ್ಟನ್ನು ಕೂಡಿಸಿಕೊಳ್ಳಿ' ಎಂಬ ಸೂಚನೆ. ಇಬ್ಬರಿಗೂ ಸುದ್ದಿ. ಪೆಟ್ಟಿಗೆ ಕೂಗುತ್ತದೆ. ಇಷ್ಟೂ ಆಗುವುದು ಟೀ ಲೋಟ ಕೆಳಗಿಡುವಷ್ಟರಲ್ಲಿ.

ಹಾಗಾದರೆ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹಣ ಹೋದದ್ದು ಯಾವಾಗ? ಆ ಕ್ಷಣದಲ್ಲಿ ಹೋಗಿಲ್ಲ. ಈ ಬ್ಯಾಂಕು ಆ ಬ್ಯಾಂಕಿಗೆ ಕೊಡಬೇಕಾದದ್ದು, ಆ ಬ್ಯಾಂಕಿನಿಂದ ಬರಬೇಕಾದದ್ದು, ಎರಡನ್ನೂ ಕೂಡಿ ಕಳೆದು ದಿನಕ್ಕೆ ಹಲವು ಬಾರಿ ರಿಸರ್ವ್ ಬ್ಯಾಂಕಿನಲ್ಲಿರುವ ಖಾತೆಗಳ ಮೂಲಕ ಚುಕ್ತಾ ಮಾಡುತ್ತಾರೆ. ನಾವು ಹಿಂದೆ ಚೆಕ್ಕುಗಳ ಕಟ್ಟು ಹೊತ್ತು ಕ್ಲಿಯರಿಂಗ್ ಹೌಸಿಗೆ ಹೋಗುತ್ತಿದ್ದೆವಲ್ಲ, ಅದರದೇ ವಂಶ. ನನ್ನ ಕಾಲದಲ್ಲಿ ತಮಿಳುನಾಡಿಗೆ ಹಣ ಕಳಿಸಬೇಕಾದರೆ ಡ್ರಾಫ್ಟ್ ಬರೆದು ರಿಜಿಸ್ಟರ್ ಅಂಚೆಯಲ್ಲಿ ಹಾಕಿ, ಅದು ಸೇರಿತೋ ಇಲ್ಲವೋ ಎಂದು ಎರಡು ವಾರ ಕಾಯಬೇಕಿತ್ತು. 2005ರ ನವೆಂಬರಿನಲ್ಲಿ ನೆಫ್ಟ್ ಬಂದಾಗ ನಮ್ಮ ಶಾಖೆಯಲ್ಲಿ ಸಂಭ್ರಮವೋ ಸಂಭ್ರಮ. ಆದರೂ ಭಾನುವಾರ ಇಲ್ಲ, ರಾತ್ರಿ ಇಲ್ಲ. 2010ರಲ್ಲಿ ಐಎಂಪಿಎಸ್ ಬಂದ ಮೇಲೆ ಹಗಲು ರಾತ್ರಿ ಎನ್ನದೆ ಆ ಕ್ಷಣಕ್ಕೇ ಹಣ ಸೇರುವಂತಾಯಿತು. ಅದರ ಅಡಿಪಾಯದ ಮೇಲೆ 2016ರ ಏಪ್ರಿಲ್‌ನಲ್ಲಿ ಯುಪಿಐ. ಆ ನವೆಂಬರಿನ ನೋಟು ರದ್ದತಿ ಜನರನ್ನು ಅದರ ಕಡೆಗೆ ದೂಡಿತು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿಗೂ ಹೆಚ್ಚು ಬಾರಿ ಈ ದೇಶದ ಜನ ಹೀಗೆ ಹಣ ಕಳಿಸಿದರು. ಅದರಲ್ಲಿ ಬಹುಪಾಲು ಟೀ, ತರಕಾರಿ, ಹಾಲಿನ ಲೆಕ್ಕವೇ ಇರಬೇಕು ಎಂದು ನನಗನ್ನಿಸುತ್ತದೆ.

ಈಗ ಬೀಗದ ವಿಷಯ. ಫೋನಿನ ಆ ಕಡೆ ಇರುವುದು ನೀವೇ ಎಂದು ಬ್ಯಾಂಕಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ಎರಡು ಬೀಗದ ಕೈ. ಮೊದಲನೆಯದು ಸಿಮ್. ಆ್ಯಪನ್ನು ಮೊದಲ ಸಲ ತೆರೆದಾಗ ನಿಮ್ಮ ಫೋನು ತಾನಾಗಿ ಒಂದು ಮೆಸೇಜ್ ಕಳಿಸುತ್ತದೆ. ಖಾತೆಗೆ ಕೊಟ್ಟಿರುವ ನಂಬರಿನ ಸಿಮ್ ಈ ಫೋನಿನಲ್ಲೇ ಇದೆ ಎಂದು ಬ್ಯಾಂಕು ತಿಳಿಯುವುದು ಹೀಗೆ. ಎರಡನೆಯದು ಪಿನ್. ಸಿಮ್ ಇದ್ದು ಪಿನ್ ಗೊತ್ತಿಲ್ಲದವನು ಹಣ ತೆಗೆಯಲಾರ. ಪಿನ್ ಗೊತ್ತಿದ್ದು ಸಿಮ್ ಇಲ್ಲದವನೂ ತೆಗೆಯಲಾರ. "ನೋಡಪ್ಪಾ, ನಿಮ್ಮ ಅಮ್ಮನ ಪೆಟ್ಟಿಗೆಯ ಎರಡು ಕೈಯೂ ನಿನ್ನ ಹತ್ತಿರವೇ ಇವೆ. ಅಮ್ಮನ ಹತ್ತಿರ ಇರುವುದು ಪೆಟ್ಟಿಗೆಯ ಮೇಲಿನ ಹೆಸರು ಮಾತ್ರ" ಎಂದೆ. ಹುಡುಗ ತಲೆ ತಗ್ಗಿಸಿದ.

ಇಲ್ಲಿ ನನ್ನದೊಂದು ಪೆದ್ದುತನವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮಹಾ ಪಂಡಿತನೆಂದು ನೀವು ತಿಳಿದೀರಿ. ಮೂರು ವರ್ಷದ ಹಿಂದೆ ಸೊಸೆಗೆ ಕಳಿಸಬೇಕಿದ್ದ 3,000 ರೂಪಾಯಿಯನ್ನು ಒಂದು ಅಂಕಿ ತಪ್ಪಿ ಯಾರೋ ಅಪರಿಚಿತನಿಗೆ ಕಳಿಸಿದೆ. ದೂರು ಕೊಟ್ಟೆ. ನನ್ನ ಒಪ್ಪಿಗೆಯಿಂದಲೇ ಹೋದ ಹಣವನ್ನು ಪಡೆದವನು ಒಪ್ಪದೆ ಬ್ಯಾಂಕು ಸುಮ್ಮನೆ ಎಳೆದು ತರಲಾಗದು ಎಂಬುದು ನನಗೇ ಗೊತ್ತಿದ್ದ ವಿಷಯ. ಆ ಪುಣ್ಯಾತ್ಮ ಒಂಬತ್ತನೆಯ ದಿನ ತಾನಾಗಿ ವಾಪಸು ಕಳಿಸಿದ. 2025ರ ಜೂನ್ ಕೊನೆಯ ಹೊತ್ತಿಗೆ ಒಂದು ಒಳ್ಳೆಯ ನಿಯಮ ಬಂತು: ಹಣ ಕಳಿಸುವ ಮುನ್ನ ಪಡೆಯುವವರ ಹೆಸರನ್ನು ಬ್ಯಾಂಕಿನ ದಾಖಲೆಯಲ್ಲಿ ಇರುವಂತೆಯೇ ತೋರಿಸಬೇಕು. ನಮ್ಮ ಫೋನಿನಲ್ಲಿ ನಾವು ಬರೆದುಕೊಂಡ ಹೆಸರು ಅಲ್ಲ. ಆ ಹೆಸರನ್ನು ಒಮ್ಮೆ ಓದಿ ಪಿನ್ ಒತ್ತಿ. ಎರಡು ಸೆಕೆಂಡಿನ ಕೆಲಸ. ಇನ್ನೊಂದು, ಹಣ ಪಡೆಯಲು ಪಿನ್ ಬೇಕಿಲ್ಲ. 'ನಿಮಗೆ ಬಹುಮಾನ ಬಂದಿದೆ, ಪಿನ್ ಒತ್ತಿ' ಎಂದವನು ಕೊಡುವವನಲ್ಲ, ಕಿತ್ತುಕೊಳ್ಳುವವನು. ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಹಣ ಕೇಳಿ ಕೋರಿಕೆ ಕಳಿಸುವ ಸೌಲಭ್ಯವನ್ನು ಮೋಸಗಾರರು ಬಹಳ ಬಳಸಿಕೊಂಡಿದ್ದರಿಂದ 2025ರ ಅಕ್ಟೋಬರ್ 1ರಿಂದ ಅದನ್ನೇ ನಿಲ್ಲಿಸಿದರು. ಮೋಸ ಹೋದದ್ದು ಗೊತ್ತಾದ ತಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ನಾಚಿಕೆಯಿಂದ ಮನೆಯವರಿಗೆ ಹೇಳದೆ ಒಂದು ರಾತ್ರಿ ಕಳೆದರೆ ಹಣ ನಾಲ್ಕಾರು ಖಾತೆ ದಾಟಿರುತ್ತದೆ.

ಸಂಜೆ ಬೀಗತಿ ತೋಟದ ವಿಷಯ ಹೇಳುತ್ತಾ ಏಲಕ್ಕಿಯ ಹರಾಜಿನ ಮಾತು ಬಂತು. ಬೆಟ್ಟದ ಬುಡದಲ್ಲಿರುವ ಬೋಡಿನಾಯಕನೂರು ಏಲಕ್ಕಿಯ ದೊಡ್ಡ ಮಾರುಕಟ್ಟೆ. ಹಿಂದೆ ಕೂಗಿ ಹರಾಜು ಹಾಕುತ್ತಿದ್ದರು. 2007ರಲ್ಲಿ ಮಸಾಲೆ ಮಂಡಳಿಯವರು ಅಲ್ಲಿ ಕಂಪ್ಯೂಟರ್ ಹರಾಜು ತಂದರು. ವ್ಯಾಪಾರಿಗಳು ಸಾಲಾಗಿ ಕುಳಿತು, ಮಾದರಿಯ ಏಲಕ್ಕಿಯನ್ನು ಅಂಗೈಯಲ್ಲಿ ಉಜ್ಜಿ ಮೂಸಿ ನೋಡಿ, ಬಾಯಿ ತೆರೆಯದೆ ಬೆರಳಿನಿಂದ ಬೆಲೆ ಏರಿಸುತ್ತಾರೆ. 2021ರಿಂದ ಬೋಡಿಯಲ್ಲಿ ಕುಳಿತವರೂ ಬೆಟ್ಟದ ಮೇಲಿನ ಪುಟ್ಟಡಿಯಲ್ಲಿ ಕುಳಿತವರೂ ಒಂದೇ ಹರಾಜಿನಲ್ಲಿ ಸೇರುವಂತಾಯಿತು. ಹಣವೂ ಬ್ಯಾಂಕಿನ ಮೂಲಕವೇ ತೋಟದವರಿಗೆ ಹೋಗುತ್ತದೆ. "ಕಾಯಿ ಬಿಡಿಸುವವಳು ನಾನು. ಅದರ ಬೆಲೆ ಯಾವ ಊರಲ್ಲಿ ಯಾರು ಒತ್ತುತ್ತಾರೋ, ಕೂಲಿ ಯಾವ ಫೋನಲ್ಲಿ ಬೀಳುತ್ತೋ! ನನ್ನ ಕಣ್ಣಿಗೆ ಬೀಳೋದು ಕಾಯಿ ಮಾತ್ರ" ಎಂದು ಬೀಗತಿ ನಕ್ಕರು. ವ್ಯಾಪಾರಿಗೆ, ತೋಟದ ಮಾಲೀಕನಿಗೆ, ಅಂಗಡಿಯವನಿಗೆ ಈ ಹೊಸ ವ್ಯವಸ್ಥೆ ತನ್ನ ಹಣವನ್ನು ಇನ್ನಷ್ಟು ಚೆನ್ನಾಗಿ ಕಾಣುವಂತೆ ಮಾಡಿದೆ. ಈ ಹೆಂಗಸಿಗೆ ಮಾತ್ರ ಮೊದಲು ಕಾಣುತ್ತಿದ್ದದ್ದೂ ಕಾಣದಂತಾಗಿದೆ. ದೋಷ ತಂತ್ರಜ್ಞಾನದ್ದೆಂದು ನಾನು ಹೇಳಲಾರೆ. ಸಿಮ್ ಯಾರ ಹೆಸರಿನಲ್ಲಿರಬೇಕೆಂದು ನಿರ್ಧರಿಸುವುದು ಮನೆಯವರೇ ತಾನೆ.

ಸೋಮವಾರ ಹೊಸ ಸಿಮ್ ಕೊಂಡು, ಒಂದು ಒತ್ತುಗುಂಡಿಯ ಸಣ್ಣ ಫೋನು ತೆಗೆದುಕೊಂಡು ಬ್ಯಾಂಕಿಗೆ ಹೋದೆವು. ಮಗನೇ ಆಟೊದಲ್ಲಿ ಕರೆದುಕೊಂಡು ಹೋದ. ನಂಬರು ಬದಲಾಯಿಸುವ ಅರ್ಜಿ, ಆಧಾರ್ ನಕಲು, ಖಾತೆದಾರರ ಸಹಿ. ಬೀಗತಿ ಎರಡನೇ ತರಗತಿ ಓದಿದವರು. ನಿಧಾನವಾಗಿ, ನಾಲಿಗೆ ಕಚ್ಚಿಕೊಂಡು, ತಮಿಳಿನಲ್ಲಿ ಸಹಿ ಮಾಡಿದರು. ಕೌಂಟರಿನಲ್ಲಿದ್ದ ಹುಡುಗಿ "ಪಾಸ್‌ಪುಸ್ತಕ ಕೊಡಿ ಪಾಟೀ, ಬರೆಸಿಕೊಡ್ತೀನಿ" ಎಂದು ಹಾಕಿಕೊಟ್ಟಳು. ಪಾಸ್‌ಪುಸ್ತಕಕ್ಕೆ ಎರಡು ವರ್ಷದಿಂದ ಅಚ್ಚು ಬಿದ್ದಿರಲಿಲ್ಲ.

ಆಲದ ಮರದ ಕೆಳಗೆ ಕುಳಿತು ನಾನು ಓದಿದೆ. ಕೂಲಿ ಬಂದದ್ದು, ಸಾವಿರ ಬಂದದ್ದು, ಮಾತ್ರೆ, ಗ್ಯಾಸು. ನಡುವೆ ಪ್ರತಿ ತಿಂಗಳೂ ಒಂದೇ ದಿನ 299 ರೂಪಾಯಿ. "ಇದೇನಪ್ಪಾ?" ಎಂದೆ. ಹುಡುಗನಿಗೂ ತಕ್ಷಣ ಹೊಳೆಯಲಿಲ್ಲ. ಆಮೇಲೆ ನೆನಪಾಯಿತು. ಕ್ರಿಕೆಟ್ ನೋಡಲು ಯಾವುದೋ ಆ್ಯಪನ್ನು ಒಂದು ರೂಪಾಯಿಗೆ ತೆರೆದಿದ್ದ. ಪಂದ್ಯ ಮುಗಿಯಿತು, ಆ್ಯಪನ್ನು ಅಳಿಸಿದ, ಮರೆತ. ಆ್ಯಪು ಮರೆತಿರಲಿಲ್ಲ. ಇದು 2020ರಲ್ಲಿ ಬಂದ ಆಟೊಪೇ ಎಂಬ ವ್ಯವಸ್ಥೆ. ಒಂದು ಸಲ ಪಿನ್ ಒತ್ತಿ ಒಪ್ಪಿಗೆ ಕೊಟ್ಟರೆ ಮುಂದಿನ ಕಂತುಗಳಿಗೆ, 15,000 ರೂಪಾಯಿಯೊಳಗಿದ್ದರೆ, ಸಾಮಾನ್ಯವಾಗಿ ಮತ್ತೆ ಪಿನ್ ಕೇಳುವುದಿಲ್ಲ. ವಿಮೆಯ ಕಂತಿಗೆ, ಕರೆಂಟ್ ಬಿಲ್ಲಿಗೆ ಇದು ಅನುಕೂಲವೇ. ಆದರೆ ಫೋನಿನಿಂದ ಆ್ಯಪನ್ನು ಅಳಿಸಿದರೆ ಒಪ್ಪಿಗೆ ಅಳಿಯುವುದಿಲ್ಲ. ಹಣ ಕಳಿಸುವ ಆ್ಯಪಿನೊಳಗೆ 'ಆಟೊಪೇ' ಎಂಬ ಜಾಗಕ್ಕೆ ಹೋಗಿ ಅಲ್ಲಿ ರದ್ದು ಮಾಡಬೇಕು. ಹದಿನಾಲ್ಕು ತಿಂಗಳು. ಹುಡುಗ ಬೆರಳು ಮಡಚಿ ಲೆಕ್ಕ ಹಾಕಿದ: 4,186 ರೂಪಾಯಿ. ತಾಯಿಯ ಎಷ್ಟು ದಿನದ ಕೂಲಿ ಎಂದು ನಾನು ಕೇಳಲಿಲ್ಲ. ಅವನ ಮುಖ ನೋಡಿದರೆ ಆ ಲೆಕ್ಕವನ್ನೂ ಅವನೇ ಹಾಕಿದ್ದ.

ಓದುಗರೇ, ಈ ಅಳಿಸಲಾರದ ಬರಹವೇ ಹೊಸ ಹಣದ ದೊಡ್ಡ ಗುಣ. ಅದೇ ಕೆಲವರಿಗೆ ಭಯವೂ ಆಗಿದೆ. 2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಚೀಟಿಗಳು ಕಂಡದ್ದು ನೆನಪಿರಬಹುದು. ವಾಣಿಜ್ಯ ತೆರಿಗೆ ಇಲಾಖೆಯವರು 2021-22ರಿಂದ ಈಚಿನ ಯುಪಿಐ ಲೆಕ್ಕಗಳನ್ನು ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದ್ದರು. ಸರಕು ಮಾರುವವರ ವರ್ಷದ ವಹಿವಾಟು 40 ಲಕ್ಷ ದಾಟಿದರೆ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಎಂಬುದು ನಿಯಮ. ಆದರೆ ವಹಿವಾಟು ಬೇರೆ, ಲಾಭ ಬೇರೆ; ಹಾಲು, ತಾಜಾ ತರಕಾರಿಗೆ ತೆರಿಗೆಯೇ ಇಲ್ಲ; ಅದೇ ಖಾತೆಗೆ ಅಣ್ಣ ಕೊಟ್ಟ ಸಾಲವೂ ಮಗಳು ಕಳಿಸಿದ ಹಣವೂ ಬಿದ್ದಿರುತ್ತದೆ. ವ್ಯಾಪಾರಿಗಳು ಮುಷ್ಕರದ ಮಾತಾಡಿದರು. ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಭರವಸೆ ಕೊಟ್ಟ ಮೇಲೆ ಬಿಸಿ ಇಳಿಯಿತು. ನಮ್ಮ ಧರ್ಮಕೇಂದ್ರದಲ್ಲೂ ಅಂಗಡಿ ಇಟ್ಟವರು ಇದ್ದೀರಿ. ಮನೆಯ ಹಣಕ್ಕೊಂದು ಖಾತೆ, ಅಂಗಡಿಯ ಹಣಕ್ಕೊಂದು ಖಾತೆ ಇಡಿ ಎಂದು ನಾನು ಹೇಳುತ್ತಲೇ ಬಂದಿದ್ದೇನೆ. ಇದೇ ಬರಹವನ್ನು ನೋಡಿ ಸಾಲ ಕೊಡಲು ಬರುವ ಆ್ಯಪುಗಳೂ ಈಗ ಬೇಕಾದಷ್ಟಿವೆ. 2020ರ ಜನವರಿಯಿಂದ ಯುಪಿಐ ಮೂಲಕ ಹಣ ಪಡೆಯುವ ಅಂಗಡಿಯವರು ಬ್ಯಾಂಕಿಗೆ ಶುಲ್ಕ ಕೊಡಬೇಕಿರಲಿಲ್ಲ. ಹಾಗಾಗಿ ಕಂಪನಿಗಳು ಸಾಲ, ವಿಮೆ, ಪೆಟ್ಟಿಗೆಯ ಬಾಡಿಗೆ ಎಂದು ಬೇರೆ ದಾರಿಯಲ್ಲಿ ಸಂಪಾದಿಸಿಕೊಂಡವು. ಸಾಲದ ಬಡ್ಡಿಯ ವಿಷಯ ಇನ್ನೊಂದು ತಿಂಗಳಿಗೆ ಇರಲಿ, ಅದು ದೊಡ್ಡ ಕಥೆ.

ಬೀಗತಿಯ ಫೋನಿಗೆ ಮರುದಿನ ನಂಬರು ಸೇರಿತು. ಇಂಟರ್ನೆಟ್ ಇಲ್ಲದ ಆ ಸಣ್ಣ ಫೋನಿನಲ್ಲೂ *99# ಒತ್ತಿದರೆ ಖಾತೆಯಲ್ಲಿ ಎಷ್ಟಿದೆ ಎಂದು ನೋಡಬಹುದು, ಒಂದು ಸಲಕ್ಕೆ 5,000 ರೂಪಾಯಿವರೆಗೆ ಕಳಿಸಲೂಬಹುದು ಎಂದು ತೋರಿಸಿಕೊಟ್ಟೆ. 2022ರಲ್ಲಿ ಇಂಥ ಫೋನುಗಳಿಗೆಂದೇ ಯುಪಿಐ 123ಪೇ ಎಂಬುದನ್ನೂ ತಂದಿದ್ದಾರೆ. ಕರೆ ಮಾಡಿ ಅದು ಹೇಳಿದಂತೆ ಗುಂಡಿ ಒತ್ತುತ್ತಾ ಹೋಗಬೇಕು. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಕಳಿಸೋದೆಲ್ಲ ಬೇಡ ಸಂಬಂದಿ. ಬಂತು ಅಂತ ನನಗೆ ಗೊತ್ತಾದರೆ ಸಾಕು. ಬೇಕಾದಾಗ ನಾನೇ ಹೋಗಿ ತರ್ತೀನಿ" ಎಂದರು. ನಾನು ಇನ್ನೂ ವಿವರಿಸಲು ಹೋದೆ. ನನ್ನ ಮನೆಯವರು ಕಣ್ಣು ಸನ್ನೆ ಮಾಡಿದ್ದರಿಂದ ಸುಮ್ಮನಾದೆ.

ಮಗನ ಯುಪಿಐ ಈಗ ಅವನದೇ ಖಾತೆಯಿಂದ. ಮನೆ ಖರ್ಚಿಗೆ ತಾಯಿ ತನ್ನ ಪಾಲು ಎಷ್ಟು ಕೊಡಬೇಕೆಂದು ಇಬ್ಬರೂ ಅಡಿಗೆಮನೆಯಲ್ಲಿ ಕುಳಿತು ಮಾತಾಡಿಕೊಂಡರು; ಸ್ವಲ್ಪ ಜೋರಾಗಿಯೇ ಮಾತಾಡಿಕೊಂಡರು. ನಾವು ಅಂಗಳದಲ್ಲಿ ದ್ರಾಕ್ಷಿ ತಿನ್ನುತ್ತಾ ಕುಳಿತೆವು. ದಿಂಡಿಗಲ್ಲಿನ ಬೀಗವನ್ನು ಹಿಂದಿನ ಕೋಣೆಯ ತಗಡಿನ ಪೆಟ್ಟಿಗೆಗೆ ಹಾಕಿದ್ದಾರೆ. ಒಂದು ಕೈ ಬೀಗತಿಯ ತಾಳಿಯ ದಾರದಲ್ಲಿದ್ದ ಹಳೆಯ ಶಿಲುಬೆಯ ಪಕ್ಕ ತೂಗುತ್ತಿತ್ತು. ಇನ್ನೊಂದನ್ನು ಮಗಳಿಗೆ ಕೊಡಿ ಎಂದು ನಮ್ಮ ಕೈಯಲ್ಲಿ ಬೆಂಗಳೂರಿಗೆ ಕಳಿಸಿದರು.

ನವೆಂಬರ್ ಹದಿನೈದು ಶನಿವಾರ. ಬೆಳಿಗ್ಗೆ ಸೊಸೆ ಡ್ಯೂಟಿಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ ಫೋನು ಬಂತು. ಗುರುತಿಲ್ಲದ ನಂಬರು. ಎತ್ತಿದಳು. ಆ ಕಡೆಯಿಂದ ಫೋನಿಗೆ ಅಭ್ಯಾಸವಿಲ್ಲದವರು ಕೂಗುವಂತೆ, ನಮಗೂ ಕೇಳಿಸುವಷ್ಟು ಗಟ್ಟಿಯಾಗಿ, ಅವಳ ತಾಯಿಯ ದನಿ: "ಬಂತು ಕಣೇ! ನನ್ನ ಫೋನಿಗೇ ಬಂತು!"